ರಕ್ತನಾಳ ಮುಂದೆ, ಮೂಳೆ ಹಿಂದೆ

ಕೂಡದೆ ಉಳಿದ ಹಳೆಯ ಮುರಿತವನ್ನು ಮತ್ತೆ ತೆರೆದಾಗ ಮೂಳೆ ಸರ್ಜನ್ ಮೊದಲು ಹುಡುಕುವುದು ರಕ್ತವನ್ನು. ಸತ್ತ ಮೂಳೆ ಬಿಳಿಚಿಕೊಂಡಿರುತ್ತದೆ; ಉಳಿ ತಾಗಿಸಿದರೆ ಒಣ ಚಕ್ಕೆ ಏಳುತ್ತದೆ. ಅದನ್ನು ಚೂರುಚೂರೇ ಕೆತ್ತುತ್ತ ಹೋದಂತೆ ಒಂದು ಕಡೆ ಬಿಳಿಯ ಮೇಲೆ ಸೂಜಿಮೊನೆಯಷ್ಟು ಸಣ್ಣ ಕೆಂಪು ಚುಕ್ಕೆಗಳು ಒಸರತೊಡಗುತ್ತವೆ. ಮೆಣಸಿನ ಪುಡಿ ಉದುರಿದಂತೆ ಕಾಣುವುದರಿಂದ ಶಸ್ತ್ರವೈದ್ಯರು ಇದನ್ನು ‘ಪ್ಯಾಪ್ರಿಕಾ ಸೈನ್’ ಎನ್ನುತ್ತಾರೆ. ಚುಕ್ಕೆ ಕಂಡಲ್ಲಿ ಉಳಿ ನಿಲ್ಲುತ್ತದೆ. ಅಲ್ಲಿಂದಾಚೆ ಮೂಳೆ ಬದುಕಿದೆ, ಕೂಡಿಸುವ ಕೆಲಸವನ್ನು ಅಲ್ಲಿಂದ ಶುರುಮಾಡಬಹುದು.

ಮೂಳೆ ಎಂದೊಡನೆ ನಮಗೆ ನೆನಪಾಗುವುದು ಶಾಲೆಯ ಪ್ರಯೋಗಾಲಯದ ಮೂಲೆಯಲ್ಲಿ ತೂಗುಬಿಟ್ಟ ಅಸ್ಥಿಪಂಜರ. ಮೈಯೊಳಗಿನ ಮೂಳೆ ಹಾಗಿಲ್ಲ. ಹೃದಯ ಹೊರಗೆ ತಳ್ಳುವ ರಕ್ತದಲ್ಲಿ ಶೇಕಡಾ 5ರಿಂದ 10ರಷ್ಟು ಮೂಳೆಗಳ ಪಾಲಿಗೆ ಹೋಗುತ್ತದೆ. ಇಂಗ್ಲೆಂಡಿನ ವೈದ್ಯ ಕ್ಲಾಪ್ಟನ್ ಹ್ಯಾವರ್ಸ್ 1691ರಲ್ಲೇ ಗಟ್ಟಿ ಮೂಳೆಯ ಒಳಗೆ ಉದ್ದಕ್ಕೆ ಹಾಯುವ ಸಣ್ಣ ಕಾಲುವೆಗಳ ಬಗ್ಗೆ ಬರೆದ. ಇವತ್ತಿಗೂ ಅವು ಅವನ ಹೆಸರಿನಲ್ಲೇ ಇವೆ. ಆ ಕಾಲುವೆಗಳಲ್ಲಿ ರಕ್ತನಾಳ ಹರಿಯುತ್ತದೆ, ಅದರ ಸುತ್ತ ಉಂಗುರ ಉಂಗುರವಾಗಿ ಮೂಳೆ ಕೂತಿರುತ್ತದೆ. ಮೂಳೆಯ ಜೀವಕೋಶ ತನ್ನ ಹತ್ತಿರದ ರಕ್ತನಾಳದಿಂದ ಮಿಲಿಮೀಟರಿನ ಹತ್ತನೆಯ ಒಂದೆರಡು ಭಾಗಕ್ಕಿಂತ ಹೆಚ್ಚು ದೂರ ಇರುವುದು ಅಪರೂಪ. ಅಷ್ಟು ಹತ್ತಿರ ರಕ್ತ ಇಲ್ಲದಿದ್ದರೆ ಅದು ಬದುಕುವುದಿಲ್ಲ.

ಮೂಳೆ ಮುರಿದಾಗ ಈ ನಾಳಗಳೂ ಕತ್ತರಿಸಿಹೋಗುತ್ತವೆ. ಅವನ್ನು ಮತ್ತೆ ಬೆಳೆಸಿ, ಅವುಗಳ ಬೆನ್ನಿಗೇ ಹೊಸ ಮೂಳೆಯನ್ನೂ ಬೆಳೆಸಲು ದೇಹ ಕೆಲವು ಪ್ರೋಟೀನುಗಳನ್ನು ಬಳಸುತ್ತದೆ. ವೈದ್ಯರ ಬಾಯಲ್ಲಿ ಇವು ಗ್ರೋತ್ ಫ್ಯಾಕ್ಟರ್‌ಗಳು, ನಮ್ಮ ಪುಸ್ತಕಗಳಲ್ಲಿ ಬೆಳವಣಿಗೆ ಅಂಶಗಳು. ದೇಹದ ಈ ಪ್ರೋಟೀನುಗಳನ್ನು ಹೊರಗೆ ತಯಾರಿಸಿ ಮುರಿದ ಜಾಗಕ್ಕೆ ತಲುಪಿಸುವ, ಅಥವಾ ದೇಹದ ಕೈಯಲ್ಲೇ ಅವನ್ನು ಹೆಚ್ಚು ಮಾಡಿಸುವ ಕುಶಲ ಕೆಲಸವೊಂದು ಕಳೆದ ಅರವತ್ತು ವರ್ಷಗಳಲ್ಲಿ ನಿಧಾನವಾಗಿ ಬೆಳೆದುಬಂದಿದೆ. ಎಷ್ಟು ಹಾಕಬೇಕು, ಎಲ್ಲಿ ಹಾಕಬೇಕು, ಯಾವುದರ ನಂತರ ಯಾವುದು ಬರಬೇಕು ಎಂಬ ಮೂರರಲ್ಲೇ ಅದರ ಹದವೆಲ್ಲ ಇದೆ. ಯಾವುದೋ ಒಂದು ಪವಾಡದ ಔಷಧಿ ಸಿಕ್ಕಿತು ಎಂಬ ಸುದ್ದಿಗಿಂತ ಈ ಹದದ ಹುಡುಕಾಟವೇ ನನಗೆ ದೊಡ್ಡದಾಗಿ ಕಾಣುತ್ತದೆ.

ಎಲ್ಲ ಮುರಿತಕ್ಕೂ ಇಂಥ ನೆರವು ಬೇಕಿಲ್ಲ. ಮಗುವಿನ ಮುಂಗೈ ಮುರಿದರೆ ಪ್ಲಾಸ್ಟರ್ ಹಾಕಿ ಕೂರಿಸಿದರೆ ಸಾಕು, ಕೆಲವೇ ವಾರಗಳಲ್ಲಿ ಕೂಡಿಕೊಳ್ಳುತ್ತದೆ. ತೊಂದರೆ ಕೊಡುವ ಮೂಳೆಗಳು ಬೇರೆ. ಮಣಿಕಟ್ಟಿನಲ್ಲಿ ಗೋಡಂಬಿಯಷ್ಟು ದೊಡ್ಡದಾದ ಸ್ಕಾಫಾಯ್ಡ್ ಎಂಬ ಮೂಳೆ ಇದೆ. ಅದರ ಮುಖ್ಯ ರಕ್ತನಾಳ ಬೆರಳಿನ ಕಡೆಯ ತುದಿಯಿಂದ ಒಳಹೊಕ್ಕು ಹಿಂದಕ್ಕೆ ಹರಿಯುತ್ತದೆ. ನಡುವೆ ಮುರಿದರೆ ಮುಂಗೈ ಕಡೆಯ ತುಂಡಿಗೆ ರಕ್ತವೇ ಇಲ್ಲ. ತೊಡೆಮೂಳೆಯ ಕತ್ತು ಮುರಿದ ವಯಸ್ಸಾದವರ ಕಥೆಯೂ ಇದೇ. ತೊಡೆಮೂಳೆಯ ಗುಂಡನೆಯ ತಲೆಗೆ ಹೋಗುವ ನಾಳಗಳು ಆ ಕತ್ತನ್ನು ತಬ್ಬಿಕೊಂಡೇ ಹೋಗುತ್ತವೆ.

ರಸ್ತೆ ಅಪಘಾತಗಳಲ್ಲಿ ಮತ್ತೆ ಮತ್ತೆ ಎದುರಾಗುವುದು ಟಿಬಿಯಾ, ಅಂದರೆ ಮೊಣಕಾಲಿನ ಕೆಳಗಿನ ದಪ್ಪ ಮೂಳೆ. ನಿಮ್ಮ ಕಣಕಾಲಿನ ಮುಂಭಾಗವನ್ನು ಒಮ್ಮೆ ಮುಟ್ಟಿ ನೋಡಿ. ಒಳಬದಿಯಲ್ಲಿ ಚರ್ಮದ ಕೆಳಗೆ ನೇರ ಮೂಳೆ, ಮಾಂಸದ ಹೊದಿಕೆ ಇಲ್ಲ. ಬೈಕಿನಿಂದ ಬಿದ್ದಾಗ ಮೂಳೆ ಆ ತೆಳು ಚರ್ಮವನ್ನು ಸೀಳಿ ಹೊರಬರುತ್ತದೆ. ಅಮೆರಿಕದ ಫ್ರೆಡರಿಕ್ ರೈನ್‌ಲ್ಯಾಂಡರ್ 1960ರ ದಶಕದಲ್ಲಿ ಪ್ರಾಣಿಗಳ ಮೂಳೆಯ ರಕ್ತನಾಳಗಳಿಗೆ ಎಕ್ಸ್‌ರೇಯಲ್ಲಿ ಕಾಣುವ ದ್ರವ ತುಂಬಿ ಚಿತ್ರ ತೆಗೆದು ತೋರಿಸಿದಂತೆ, ಉದ್ದ ಮೂಳೆಯ ಗೋಡೆಯಲ್ಲಿ ಒಳಗಿನ ಮೂರನೇ ಎರಡು ಭಾಗಕ್ಕೆ ಮಜ್ಜೆಯ ಕಡೆಯಿಂದ ರಕ್ತ ಬರುತ್ತದೆ, ಹೊರಗಿನ ಉಳಿದ ಭಾಗಕ್ಕೆ ಮೂಳೆಪೊರೆಯಿಂದ ಮತ್ತು ಸುತ್ತಲಿನ ಮಾಂಸದಿಂದ. ಟಿಬಿಯಾ ತೆರೆದು ಮುರಿದಾಗ ಮಜ್ಜೆಯ ನಾಳ ಹರಿದಿರುತ್ತದೆ, ಪೊರೆ ಕಿತ್ತು ಬಂದಿರುತ್ತದೆ, ಎರಡನೆಯ ದಾರಿಯಾಗಿ ನಿಲ್ಲಬೇಕಾದ ಮಾಂಸ ಆ ಬದಿಯಲ್ಲಿ ಮೊದಲಿಂದಲೂ ಇಲ್ಲ. ಜೊತೆಗೆ ಬೀಡಿ ಸಿಗರೇಟಿನ ಅಭ್ಯಾಸವೋ ಸಕ್ಕರೆ ಕಾಯಿಲೆಯೋ ಇದ್ದರೆ ಅಳಿದುಳಿದ ಸಣ್ಣ ನಾಳಗಳೂ ಸೊರಗುತ್ತವೆ. ಪಟ್ಟಿ ಬಿಗಿಯಾದಷ್ಟೂ ಮೂಳೆ ಬೇಗ ಕೂಡುತ್ತದೆ ಎಂಬ ನಂಬಿಕೆ ನಮ್ಮ ಊರುಗಳಲ್ಲಿ ಇನ್ನೂ ಉಳಿದಿದೆ. ಬಿದಿರು ದಬ್ಬೆ ಇಟ್ಟು ರಕ್ತ ನಿಲ್ಲುವಷ್ಟು ಬಿಗಿದು ಕಟ್ಟಿಸಿಕೊಂಡು, ಬೆರಳು ಕಪ್ಪಾದ ಮೇಲೆ ಆಸ್ಪತ್ರೆಗೆ ಬರುವವರನ್ನು ವೈದ್ಯರು ಈಗಲೂ ನೋಡುತ್ತಾರೆ. ಮುರಿದ ಅಂಗಕ್ಕೆ ಆಧಾರ ಎಷ್ಟು ಮುಖ್ಯವೋ ಹರಿವೂ ಅಷ್ಟೇ ಮುಖ್ಯ ಎಂಬುದನ್ನು ಅಂಥವರಿಗೆ ಮೊದಲೇ ಯಾರಾದರೂ ಹೇಳಬೇಕಿತ್ತು.

ದೇಹ ತಾನಾಗಿ ಏನು ಮಾಡುತ್ತದೆ ಎಂಬುದನ್ನು ತಿಳಿಯದೆ ಈ ಕುಶಲತೆ ಅರ್ಥವಾಗುವುದಿಲ್ಲ. ಮುರಿದ ಕೆಲವೇ ಗಂಟೆಗಳಲ್ಲಿ ಸಂದಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಅದು ಬರಿಯ ಕಸವಲ್ಲ. ಹೆಪ್ಪಿನಲ್ಲಿರುವ ಪ್ಲೇಟ್‌ಲೆಟ್‌ಗಳು ಒಡೆದು ಪಿಡಿಜಿಎಫ್ ಮುಂತಾದ ಬೆಳವಣಿಗೆ ಅಂಶಗಳನ್ನು ಚೆಲ್ಲುತ್ತವೆ, ಸುತ್ತಲಿನ ರಿಪೇರಿ ಕೋಶಗಳಿಗೆ ಅದೇ ಕರೆ. ರಕ್ತ ಹರಿಯದ ಆ ಜಾಗದಲ್ಲಿ ಆಮ್ಲಜನಕ ಕುಸಿಯುತ್ತದೆ. ಕುಸಿತವನ್ನು ಗುರುತಿಸುವ ‘ಹಿಫ್’ ಎಂಬ ಪ್ರೋಟೀನು ಪ್ರತಿ ಕೋಶದಲ್ಲೂ ಇದೆ. ಆಮ್ಲಜನಕ ಸಾಕಷ್ಟಿದ್ದಾಗ ಅದನ್ನು ಕೋಶವೇ ಒಡೆದುಹಾಕುತ್ತದೆ, ಕಡಿಮೆಯಾದಾಗ ಅದು ಉಳಿದುಕೊಂಡು ಹತ್ತಾರು ಜೀನುಗಳನ್ನು ಎಬ್ಬಿಸುತ್ತದೆ. ಈ ಏರ್ಪಾಡನ್ನು ಬಿಡಿಸಿ ತೋರಿಸಿದ ವಿಲಿಯಂ ಕೇಲಿನ್, ಪೀಟರ್ ರ‍್ಯಾಟ್‌ಕ್ಲಿಫ್ ಮತ್ತು ಗ್ರೆಗ್ ಸೆಮೆಂಜಾ ಅವರಿಗೆ 2019ರ ವೈದ್ಯಕೀಯ ನೊಬೆಲ್ ಬಂತು. ಹಿಫ್ ಎಬ್ಬಿಸುವ ಜೀನುಗಳಲ್ಲಿ ನಮಗೆ ಮುಖ್ಯವಾದದ್ದು ವಿಇಜಿಎಫ್, ಪೂರ್ತಿ ಹೆಸರು ವ್ಯಾಸ್ಕ್ಯುಲರ್ ಎಂಡೋಥೀಲಿಯಲ್ ಗ್ರೋತ್ ಫ್ಯಾಕ್ಟರ್. ಹತ್ತಿರದ ರಕ್ತನಾಳದ ಗೋಡೆಗೆ ಅದು ತಾಗಿದಾಗ ಆ ಗೋಡೆಯ ಒಂದು ಕೋಶ ಮುಂದಾಳಾಗಿ, ವಿಇಜಿಎಫ್ ದಟ್ಟವಾಗಿರುವ ದಿಕ್ಕಿಗೆ ಸಣ್ಣ ಎಳೆಗಳನ್ನು ಚಾಚಿ ಹೊರಡುತ್ತದೆ. ಹಿಂದಿನ ಕೋಶಗಳು ಅದರ ಜಾಡು ಹಿಡಿದು ಸಾಲುಗಟ್ಟಿ ಹೊಸ ಕೊಳವೆಯಾಗುತ್ತವೆ.

ಇಲ್ಲೊಂದು ಸೊಗಸಾದ ಏರ್ಪಾಡು ಇದೆ. ರಕ್ತವೇ ಇಲ್ಲದ ಸಂದಿನ ನಡುಭಾಗದಲ್ಲಿ ಮೂಳೆ ಬೆಳೆಯಲಾರದು. ಆದ್ದರಿಂದ ದೇಹ ಅಲ್ಲಿ ಮೊದಲು ಮೃದ್ವಸ್ಥಿಯನ್ನು ಹಾಕುತ್ತದೆ. ಮೂಗಿನ ತುದಿಯಲ್ಲಿ, ಕಿವಿಯಲ್ಲಿ ಇರುವಂಥ ಮೆತ್ತನೆಯ ಈ ಅಂಗಾಂಶ ರಕ್ತನಾಳವಿಲ್ಲದೆ ಬದುಕಬಲ್ಲದು. ಎಕ್ಸ್‌ರೇಯಲ್ಲಿ ಮೊದಲ ವಾರಗಳಲ್ಲಿ ಏನೂ ಕಾಣದಿರುವುದು ಇದಕ್ಕೇ. ತಾತ್ಕಾಲಿಕ ಸೇತುವೆ ಗಟ್ಟಿಯಾದ ಮೇಲೆ ಅದರ ಕೋಶಗಳು ಉಬ್ಬಿ, ತಾವೇ ವಿಇಜಿಎಫ್ ಸ್ರವಿಸಿ, ರಕ್ತನಾಳಗಳನ್ನು ಒಳಗೆ ಕರೆಯುತ್ತವೆ. ನಾಳಗಳ ಹಿಂದೆಯೇ ಮೃದ್ವಸ್ಥಿಯನ್ನು ಕರಗಿಸುವ ಕೋಶಗಳೂ ಮೂಳೆ ಕಟ್ಟುವ ಕೋಶಗಳೂ ಬರುತ್ತವೆ. ಸೇತುವೆ ಇಂಚಿಂಚಾಗಿ ನಿಜವಾದ ಮೂಳೆಯಾಗುತ್ತದೆ. 1999ರಲ್ಲಿ ಅಮೆರಿಕದ ಜೆನೆನ್‌ಟೆಕ್ ಕಂಪನಿಯ ವಿಜ್ಞಾನಿಗಳು ಬೆಳೆಯುತ್ತಿರುವ ಇಲಿಮರಿಗಳಲ್ಲಿ ವಿಇಜಿಎಫ್ ಅನ್ನು ತಡೆದು ನೋಡಿದರು. ಮೂಳೆ ತುದಿಯ ಮೃದ್ವಸ್ಥಿ ದಪ್ಪವಾಗುತ್ತಲೇ ಹೋಯಿತು, ನಾಳಗಳು ಒಳಬರಲಿಲ್ಲ, ಮೂಳೆಯಾಗುವ ಕೆಲಸ ನಿಂತುಬಿಟ್ಟಿತು. ತಡೆ ತೆಗೆದರು, ನಾಳಗಳು ನುಗ್ಗಿದವು, ನಿಂತಿದ್ದ ಕೆಲಸ ಮುಂದುವರಿಯಿತು. ಮುಂದೆ 2002ರಲ್ಲಿ ಇದೇ ಪ್ರೋಟೀನನ್ನು ನಿಧಾನವಾಗಿ ಬಿಡುಗಡೆಯಾಗುವಂತೆ ಮಾಡಿ ಇಲಿಯ ಮುರಿದ ತೊಡೆಮೂಳೆಗೂ ಮೊಲದ ಮುಂಗೈ ಮೂಳೆಯ ಕತ್ತರಿಸಿದ ಸಂದಿಗೂ ಕೊಟ್ಟಾಗ, ನಾಳಗಳೂ ಮೂಳೆಯೂ ಎರಡೂ ಹೆಚ್ಚಿದವು.

ಮೂಳೆಗೆ ರಕ್ತನಾಳ ಬರಿಯ ಊಟ ಹೊತ್ತು ತರುತ್ತದೆ ಎಂದು ಬಹುಕಾಲ ತಿಳಿದಿದ್ದರು. ಆಕ್ಸ್‌ಫರ್ಡಿನಲ್ಲಿದ್ದ ಕ್ಯಾಟಲೋನಿಯಾದ ಶಸ್ತ್ರವೈದ್ಯ ಜೋಸೆಪ್ ಟ್ರುಯೆಟಾ 1960ರ ದಶಕದಲ್ಲೇ ನಾಳಗಳ ಪಾತ್ರ ಅದಕ್ಕಿಂತ ಹೆಚ್ಚಿನದು ಎಂದು ವಾದಿಸಿದ್ದ. ಅವನ ಮಾತಿಗೆ ಗಟ್ಟಿ ಆಧಾರ ಸಿಕ್ಕಿದ್ದು 2014ರಲ್ಲಿ. ಜರ್ಮನಿಯ ಮ್ಯುನ್‌ಸ್ಟರ್ ನಗರದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ರಾಲ್ಫ್ ಆಡಮ್ಸ್ ಅವರ ತಂಡದಲ್ಲಿದ್ದ ಅಂಜಲಿ ಕುಸುಂಬೆ ಮತ್ತು ಸಂಗಡಿಗರು, ಮೂಳೆಯಲ್ಲಿ ‘ಹೆಚ್ ಬಗೆ’ ಎಂಬ ವಿಶೇಷ ಲೋಮನಾಳಗಳಿವೆ, ಮೂಳೆ ಕಟ್ಟುವ ಎಳೆಯ ಕೋಶಗಳು ಇವುಗಳ ಸುತ್ತಲೇ ಗುಂಪುಗೂಡಿರುತ್ತವೆ ಎಂದು ತೋರಿಸಿದರು. ಈ ನಾಳಗಳು ಮೂಳೆಕೋಶಗಳಿಗೆ ತಾವೇ ಸೂಚನೆ ಕೊಡುತ್ತವೆ. ಇಲಿಗೆ ವಯಸ್ಸಾದಂತೆ ಇವು ವಿರಳವಾಗುತ್ತವೆ. ಈ ಸಂಶೋಧನೆಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಇನ್ನು ಮೂಳೆ ಕಟ್ಟಿಸುವ ಪ್ರೋಟೀನಿನ ಕಥೆ. ಕ್ಯಾಲಿಫೋರ್ನಿಯಾದ ಶಸ್ತ್ರವೈದ್ಯ ಮಾರ್ಷಲ್ ಯೂರಿಸ್ಟ್ 1965ರಲ್ಲಿ ಒಂದು ಸರಳ ಪ್ರಯೋಗ ಪ್ರಕಟಿಸಿದ. ಮೂಳೆಯ ತುಂಡನ್ನು ಆಮ್ಲದಲ್ಲಿ ನೆನೆಸಿ ಸುಣ್ಣದ ಅಂಶವನ್ನೆಲ್ಲ ತೆಗೆದು, ಉಳಿದ ಮೆತ್ತನೆಯ ಚೂರನ್ನು ಪ್ರಾಣಿಯ ಮಾಂಸದೊಳಗೆ ಇಟ್ಟ. ಮೂಳೆಯೇ ಇರಬಾರದ ಆ ಜಾಗದಲ್ಲಿ ಕೆಲವು ವಾರಗಳ ನಂತರ ಹೊಸ ಮೂಳೆ, ಒಳಗೆ ಮಜ್ಜೆ ಸಮೇತ ಬೆಳೆದಿತ್ತು. ಆ ಚೂರಿನಲ್ಲಿ ಅಡಗಿದ್ದ ಪ್ರೋಟೀನಿಗೆ ಬೋನ್ ಮಾರ್ಫೋಜೆನೆಟಿಕ್ ಪ್ರೋಟೀನ್, ಚಿಕ್ಕದಾಗಿ ಬಿಎಂಪಿ, ಎಂಬ ಹೆಸರು ಬಂತು. ಅದನ್ನು ಬೇರ್ಪಡಿಸುವುದು ಮಾತ್ರ ವರ್ಷಗಟ್ಟಲೆ ಯಾರಿಗೂ ಸಾಧ್ಯವಾಗಲಿಲ್ಲ.

ದಾರಿ ತೋರಿಸಿದವರಲ್ಲಿ ಭಾರತದಿಂದ ಅಮೆರಿಕಕ್ಕೆ ಹೋದ ಇಬ್ಬರು ಮುಖ್ಯರು, ಹರಿ ರೆಡ್ಡಿ ಮತ್ತು ಕುಬೇರ್ ಸಂಪತ್. 1981ರಲ್ಲಿ ಅವರು ಮಾಡಿದ್ದು ಹೀಗೆ: ಸುಣ್ಣ ತೆಗೆದ ಮೂಳೆಪುಡಿಯನ್ನು ಪ್ರಬಲ ರಾಸಾಯನಿಕದಲ್ಲಿ ಅದ್ದಿ, ಕರಗುವ ಪ್ರೋಟೀನುಗಳನ್ನು ಒಂದು ಕಡೆಗೆ, ಕರಗದೆ ಉಳಿದ ಕೊಲಾಜೆನ್ ಅನ್ನು ಇನ್ನೊಂದು ಕಡೆಗೆ ತೆಗೆದರು. ಕರಗಿದ ಭಾಗವನ್ನಷ್ಟೇ ಇಲಿಯ ಚರ್ಮದ ಕೆಳಗೆ ಇಟ್ಟರೆ ಮೂಳೆ ಬೆಳೆಯಲಿಲ್ಲ. ಕೊಲಾಜೆನ್ ಮಾತ್ರ ಇಟ್ಟರೂ ಇಲ್ಲ. ಎರಡನ್ನೂ ಮತ್ತೆ ಒಟ್ಟುಗೂಡಿಸಿ ಇಟ್ಟಾಗ ಮೂಳೆ ಬಂತು. ಈ ಪ್ರಯೋಗದ ಮುಂದೆ ನಾನು ಪ್ರತಿ ಸಲವೂ ನಿಂತುಬಿಡುತ್ತೇನೆ. ಸೂಚನೆ ಕೊಡುವ ಪ್ರೋಟೀನು ಎಷ್ಟೇ ಶಕ್ತಿಶಾಲಿಯಾದರೂ ಅದನ್ನು ಹಿಡಿದಿಟ್ಟುಕೊಳ್ಳುವ ನೆಲೆ ಇಲ್ಲದೆ ಕೆಲಸ ಆಗದು ಎಂಬ ತತ್ವ ಅಲ್ಲೇ ಸಿಕ್ಕಿಬಿಟ್ಟಿತು. ಮುಂದೆ ಆಪರೇಷನ್ ಥಿಯೇಟರಿನಲ್ಲಿ ಬಳಸಿದ್ದೆಲ್ಲ ಅದರ ವಿಸ್ತರಣೆ. ಕಿಲೋಗಟ್ಟಲೆ ದನದ ಮೂಳೆಯನ್ನು ಸಂಸ್ಕರಿಸಿದರೂ ಕೈಗೆ ಸಿಗುತ್ತಿದ್ದ ಶುದ್ಧ ಪ್ರೋಟೀನು ಮೈಕ್ರೋಗ್ರಾಂ ಲೆಕ್ಕದಲ್ಲಿತ್ತು. 1988ರಲ್ಲಿ ಮ್ಯಾಸಚೂಸೆಟ್ಸ್‌ನ ಜಾನ್ ವೋಜ್ನಿ ಮತ್ತು ಸಂಗಡಿಗರು ಬಿಎಂಪಿಗಳ ಜೀನುಗಳನ್ನೇ ಹಿಡಿದ ಮೇಲೆ ಕಾರ್ಖಾನೆಯ ತೊಟ್ಟಿಗಳಲ್ಲಿ ಜೀವಕೋಶಗಳಿಂದ ಅವನ್ನು ತಯಾರಿಸುವುದು ಸಾಧ್ಯವಾಯಿತು. ಮರುವರ್ಷ, 1989ರಲ್ಲಿ, ನೆಪೋಲಿಯೋನ್ ಫೆರಾರ ಅವರ ತಂಡ ವಿಇಜಿಎಫ್ ಜೀನನ್ನು ಗುರುತಿಸಿತು. ನಾಳ ಬೆಳೆಸುವುದು ಒಂದು, ಮೂಳೆ ಬೆಳೆಸುವುದು ಇನ್ನೊಂದು. ಒಂದರ ಬೆನ್ನಿಗೊಂದು ಎರಡೂ ಕೈಗೆ ಸಿಕ್ಕಿದವು.

ಈಗ ಥಿಯೇಟರಿನ ಒಳಗೆ ಹೋಗೋಣ. ತೆರೆದ ಟಿಬಿಯಾ ಮುರಿತ; ಗಾಯ ತೊಳೆದು, ಸತ್ತದ್ದನ್ನು ತೆಗೆದು, ಮೂಳೆಯ ಒಳಗೆ ರಾಡ್ ಹಾಕಿ ನಿಲ್ಲಿಸಿದ್ದಾರೆ. ಬಿಎಂಪಿಗಳಲ್ಲಿ ಒಂದಾದ ಬಿಎಂಪಿ-2 ಪುಡಿಯ ರೂಪದಲ್ಲಿ ಬಾಟಲಿಯಲ್ಲಿರುತ್ತದೆ. ಅದಕ್ಕೆ ಶುದ್ಧ ನೀರು ಸೇರಿಸಿ, ಅಲ್ಲಾಡಿಸದೆ ಕರಗಿಸುತ್ತಾರೆ. ಪಕ್ಕದಲ್ಲಿ ಕೊಲಾಜೆನ್ನಿನ ತೆಳು ಬಿಳಿ ಸ್ಪಂಜು. ದ್ರಾವಣವನ್ನು ಸ್ಪಂಜಿನ ಮೇಲೆ ಎಲ್ಲ ಕಡೆ ಸಮನಾಗಿ ಹನಿಸಿ ಕನಿಷ್ಠ 15 ನಿಮಿಷ ಕಾಯುತ್ತಾರೆ. ಪ್ರೋಟೀನು ಕೊಲಾಜೆನ್ ಎಳೆಗಳಿಗೆ ಅಂಟಿಕೊಳ್ಳಲು ಆ ಸಮಯ ಬೇಕು. ಎರಡು ಗಂಟೆಯೊಳಗೆ ಬಳಸಿಬಿಡಬೇಕು, ಇಲ್ಲವಾದರೆ ಸ್ಪಂಜು ಒಣಗುತ್ತದೆ. ಅನುಭವಿ ಕೈ ಮತ್ತು ಹೊಸ ಕೈಯ ವ್ಯತ್ಯಾಸ ಕಾಣುವುದು ಇನ್ನು ಮುಂದೆ. ಸ್ಪಂಜನ್ನು ಹಿಂಡಬಾರದು, ಹಿಂಡಿದರೆ ಪ್ರೋಟೀನು ದ್ರವದೊಂದಿಗೆ ಸೋರಿ ಮಾಂಸಕ್ಕೆ ಹೋಗುತ್ತದೆ, ಅಲ್ಲಿ ಊತ ಬರಿಸುತ್ತದೆ ಅಥವಾ ಬೇಡದ ಕಡೆ ಮೂಳೆ ಬೆಳೆಸುತ್ತದೆ. ಇಟ್ಟ ಮೇಲೆ ಗಾಯವನ್ನು ತೊಳೆಯಬಾರದು, ಆದ್ದರಿಂದ ತೊಳೆಯುವುದೂ ರಕ್ತಸ್ರಾವ ನಿಲ್ಲಿಸುವುದೂ ಮೊದಲೇ ಮುಗಿದಿರಬೇಕು. ಮುರಿದ ಗೆರೆಯ ಮೇಲೆ ಸುತ್ತ ಹೊದಿಸಿ, ಮೇಲೆ ಮಾಂಸ, ಚರ್ಮ ಮುಚ್ಚಿ ಹೊಲಿಯುತ್ತಾರೆ. ಚರ್ಮ ಸಾಲದಿದ್ದರೆ ಪ್ಲಾಸ್ಟಿಕ್ ಸರ್ಜನ್ ಬಂದು ರಕ್ತನಾಳ ಸಮೇತ ಮಾಂಸದ ಹೊದಿಕೆ ತಂದು ಹಾಕುತ್ತಾರೆ. ಹಾಗೆ ತಂದ ಜೀವಂತ ಮಾಂಸವೂ ಕೆಳಗಿನ ಮೂಳೆಗೆ ಹೊಸ ನಾಳಗಳನ್ನು ಕೊಡುತ್ತದೆ.

ಈ ಸ್ಪಂಜಿನ ದೊಡ್ಡ ಪರೀಕ್ಷೆಯ ಫಲಿತಾಂಶ 2002ರಲ್ಲಿ ಹೊರಬಂತು. ದಕ್ಷಿಣ ಆಫ್ರಿಕಾದ ಗೋವೆಂದರ್ ಅವರ ಹೆಸರು ಮೊದಲಿಗಿರುವ ಆ ಅಧ್ಯಯನದಲ್ಲಿ ತೆರೆದ ಟಿಬಿಯಾ ಮುರಿತದ 450 ರೋಗಿಗಳಿದ್ದರು. ಒಂದು ಗುಂಪಿಗೆ ರೂಢಿಯ ಚಿಕಿತ್ಸೆ, ಒಂದಕ್ಕೆ 6 ಮಿಲಿಗ್ರಾಂ ಬಿಎಂಪಿ-2, ಇನ್ನೊಂದಕ್ಕೆ 12 ಮಿಲಿಗ್ರಾಂ. ಹೆಚ್ಚಿನ ಪ್ರಮಾಣ ಪಡೆದವರಲ್ಲಿ ಮೂಳೆ ಕೂಡದೆ ಮತ್ತೆ ಆಪರೇಷನ್ ಮಾಡಬೇಕಾಗುವ ಅಪಾಯ ಶೇಕಡಾ 44ರಷ್ಟು ಇಳಿದಿತ್ತು. 2004ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಈ ಬಳಕೆಗೆ ಒಪ್ಪಿಗೆ ಕೊಟ್ಟರು. ಕೂಡದ ಟಿಬಿಯಾಗಳಿಗೆ ಬಿಎಂಪಿ-7 ಹಾಕಿ ನೋಡಿದ 2001ರ ಇನ್ನೊಂದು ಅಧ್ಯಯನದಲ್ಲಿ, ಫಲಿತಾಂಶ ರೋಗಿಯ ಸೊಂಟದಿಂದಲೇ ತೆಗೆದು ಹಾಕಿದ ಮೂಳೆಯ ಮಟ್ಟಕ್ಕೆ ಬಂದಿತ್ತು, ಸೊಂಟದ ಗಾಯದ ನೋವು ತಪ್ಪಿತ್ತು. ಆದರೆ ಮಜ್ಜೆಯ ಕೊಳವೆಯನ್ನು ಕೊರೆದು ದಪ್ಪ ರಾಡ್ ಹಾಕಿದ ರೋಗಿಗಳ ಮೇಲೆ ನಡೆದ, 2011ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಬಿಎಂಪಿ-2ರಿಂದ ಮೂಳೆ ಗಮನಾರ್ಹವಾಗಿ ಬೇಗ ಕೂಡಲಿಲ್ಲ. ರಾಡ್ ಚೆನ್ನಾಗಿ ಕೂತು ಮೂಳೆ ಅಲುಗದಂತಿದ್ದರೆ ದೇಹವೇ ಬಹುಪಾಲು ಕೆಲಸ ಮಾಡಿಕೊಳ್ಳುತ್ತದೆ, ಹೊರಗಿನ ನೆರವಿಗೆ ಹೆಚ್ಚು ಜಾಗ ಉಳಿಯುವುದಿಲ್ಲ. ನಾನು ಹಾಗೆ ಅರ್ಥಮಾಡಿಕೊಳ್ಳುತ್ತೇನೆ.

ಪ್ರಮಾಣದ ಪ್ರಶ್ನೆ ಗಂಭೀರವಾದದ್ದು ಬೆನ್ನುಮೂಳೆ ಕೂಡಿಸಲು ಇದೇ ಸ್ಪಂಜನ್ನು ಬಳಸಿದಾಗ. ನಮ್ಮ ಮೂಳೆಯಲ್ಲಿ ಸಹಜವಾಗಿ ಕೆಲಸ ಮಾಡುವ ಬಿಎಂಪಿ ನ್ಯಾನೊಗ್ರಾಂ ಲೆಕ್ಕದ್ದು. ಸ್ಪಂಜಿನಲ್ಲಿ ಹಾಕುವುದು ಮಿಲಿಗ್ರಾಂ. ಒಂದು ಮಿಲಿಗ್ರಾಂ ಎಂದರೆ ಹತ್ತು ಲಕ್ಷ ನ್ಯಾನೊಗ್ರಾಂ. ಸ್ಪಂಜು ಅದನ್ನು ಬಹಳ ಕಾಲ ಹಿಡಿದಿಡಲಾರದು, ಮೊದಲ ದಿನಗಳಲ್ಲೇ ಹೆಚ್ಚಿನ ಪಾಲು ಹೊರಟುಹೋಗುತ್ತದೆ, ಆದ್ದರಿಂದ ಅಷ್ಟೊಂದು ತುಂಬಬೇಕಾಯಿತು. ಕತ್ತಿನ ಮುಂಭಾಗದಲ್ಲಿ ಇದನ್ನು ಬಳಸಿದ ಕೆಲವರಿಗೆ ಗಂಟಲು ಊದಿ ಉಸಿರಾಡುವುದೇ ಕಷ್ಟವಾಯಿತು. 2008ರಲ್ಲಿ ಅಮೆರಿಕದ ನಿಯಂತ್ರಕರು ಎಚ್ಚರಿಕೆ ಹೊರಡಿಸಿದರು. 2011ರಲ್ಲಿ ಬೆನ್ನುಮೂಳೆ ವೈದ್ಯರ ಪತ್ರಿಕೆಯೊಂದು ತನ್ನ ಸಂಚಿಕೆಯನ್ನೇ ಇದರ ವಿಮರ್ಶೆಗೆ ಮೀಸಲಿಟ್ಟಿತು. ಮೊದಲ ಅಧ್ಯಯನಗಳು ತೊಂದರೆಗಳನ್ನು ಕಡಿಮೆ ಮಾಡಿ ಹೇಳಿದ್ದವು ಎಂದಿತು. ಮೂಲ ಅಂಕಿಅಂಶಗಳನ್ನು ಯೇಲ್ ವಿಶ್ವವಿದ್ಯಾಲಯದ ಮೂಲಕ ಸ್ವತಂತ್ರ ತಂಡಗಳು 2013ರಲ್ಲಿ ಮರುಪರಿಶೀಲಿಸಿದಾಗ, ಬೆನ್ನುಮೂಳೆ ಕೂಡಿಸುವುದರಲ್ಲಿ ಅದು ಹಳೆಯ ವಿಧಾನಕ್ಕಿಂತ ಹೇಳಿಕೊಳ್ಳುವಷ್ಟು ಮೇಲಲ್ಲ ಎಂಬುದು ಗೊತ್ತಾಯಿತು. ತಮ್ಮದೇ ಕ್ಷೇತ್ರದ ತಪ್ಪನ್ನು ತಾವೇ ಬಗೆದು ನೋಡಿದ ಆ ವೈದ್ಯರ ಮೇಲೆ ನನಗೆ ಗೌರವವಿದೆ.

ವಿಇಜಿಎಫ್ ವಿಷಯದಲ್ಲಿ ಹದ ಇನ್ನೂ ಸೂಕ್ಷ್ಮ. ಅದನ್ನು ಹಾಗೇ ಚುಚ್ಚಿದರೆ ಹೆಚ್ಚು ಹೊತ್ತು ಉಳಿಯುವುದಿಲ್ಲ, ರಕ್ತದಲ್ಲಿ ಬೇಗ ಕರಗಿಹೋಗುತ್ತದೆ. ಒಂದೇ ಕಡೆ ಹೆಚ್ಚು ಕೊಟ್ಟರೆ ಅಡ್ಡಾದಿಡ್ಡಿಯಾಗಿ ಬೆಳೆದ, ಗೋಡೆ ಸೋರುವ ನಾಳಗಳು ಹುಟ್ಟುತ್ತವೆ. ಬೋಸ್ಟನ್ನಿನ ಹೆರಾಲ್ಡ್ ಡ್ವೊರಾಕ್ ಅವರ ತಂಡ 1983ರಲ್ಲಿ ಇದೇ ಪ್ರೋಟೀನನ್ನು ಮೊದಲು ಗುರುತಿಸಿದ್ದು ನಾಳಗಳನ್ನು ಸೋರುವಂತೆ ಮಾಡುವ ಅದರ ಗುಣದಿಂದಲೇ. ಮೂಳೆ ಕರಗಿಸುವ ಕೋಶಗಳನ್ನೂ ಅದು ಕರೆಯಬಲ್ಲದು. 2002ರಲ್ಲಿ ವಿಇಜಿಎಫ್ ಮತ್ತು ಬಿಎಂಪಿ-4 ಎರಡನ್ನೂ ಸ್ರವಿಸುವ ಕೋಶಗಳನ್ನು ಇಲಿಗಳಲ್ಲಿ ಇಟ್ಟು ನೋಡಿದವರಿಗೆ ಕಂಡದ್ದು ಇದು: ಎರಡರ ಪ್ರಮಾಣ ಹೊಂದಿದರೆ ಒಂದೊಂದೇ ಕೊಟ್ಟದ್ದಕ್ಕಿಂತ ಹೆಚ್ಚು ಮೂಳೆ, ವಿಇಜಿಎಫ್ ಪಾಲು ಮಿತಿಮೀರಿದರೆ ಲಾಭವೇ ಹೋಯಿತು.

ಹುಟ್ಟಿದ ನಾಳ ಉಳಿಯಬೇಕಾದರೆ ಅದರ ಹೊರಗೋಡೆಗೆ ಆಧಾರಕೋಶಗಳು ಬಂದು ಸುತ್ತಿಕೊಳ್ಳಬೇಕು. ಅವನ್ನು ಕರೆಯುವುದು ಪಿಡಿಜಿಎಫ್. ಹಾಗಾದರೆ ಮೊದಲು ವಿಇಜಿಎಫ್, ಆಮೇಲೆ ಪಿಡಿಜಿಎಫ್ ಬರುವಂತೆ ಮಾಡಲಾಗದೆ? 2001ರಲ್ಲಿ ಡೇವಿಡ್ ಮೂನಿ ಅವರ ತಂಡ ಮಾಡಿದ್ದು ಇದನ್ನೇ. ದೇಹದಲ್ಲಿ ಕರಗುವ ಪಾಲಿಮರ್ ರಚನೆಯಲ್ಲಿ ಒಂದನ್ನು ನೇರವಾಗಿ ಬೆರೆಸಿದರು, ಅದು ಬೇಗ ಹೊರಬಂತು. ಇನ್ನೊಂದನ್ನು ಪಾಲಿಮರ್ ಗೋಲಿಗಳೊಳಗೆ ಮುಚ್ಚಿಟ್ಟರು, ಗೋಲಿ ಕರಗಿದಂತೆ ಅದು ತಡವಾಗಿ ಬಂತು. ಇಲಿಗಳಲ್ಲಿ ಹುಟ್ಟಿದ ನಾಳಗಳು ಎರಡರಲ್ಲಿ ಒಂದನ್ನೇ ಕೊಟ್ಟಾಗ ಹುಟ್ಟಿದವುಗಳಿಗಿಂತ ದಪ್ಪವಾಗಿ, ಗಟ್ಟಿಯಾಗಿ ನಿಂತವು. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನವರು 2020ರಲ್ಲಿ ಇನ್ನೊಂದು ಹೆಜ್ಜೆ ಇಟ್ಟರು. ಮೂರು ಆಯಾಮದ ಮುದ್ರಣದಿಂದ ವಿಇಜಿಎಫ್ ದಟ್ಟತೆ ಅಂಚಿನಿಂದ ನಡುವಿನ ಕಡೆಗೆ ಹಂತಹಂತವಾಗಿ ಬದಲಾಗುವಂತೆಯೂ ಬಿಎಂಪಿ-2 ಬೇಕಾದ ಕಡೆ ಮಾತ್ರ ಇರುವಂತೆಯೂ ರಚನೆಗಳನ್ನು ತಯಾರಿಸಿ ಇಲಿಗಳ ಮೂಳೆ ಸಂದಿನಲ್ಲಿ ಇಟ್ಟರು. ನಾಳಗಳು ಒಳಗೆ ನುಗ್ಗಿದವು, ಮೂಳೆ ಸಂದಿನೊಳಗೆ ಬೆಳೆಯಿತು, ಹೊರಗಿನ ಮಾಂಸದಲ್ಲಿ ಅನಗತ್ಯ ಮೂಳೆ ಬಹಳ ಕಡಿಮೆಯಾಯಿತು. ಇಷ್ಟಾದರೂ ಮುರಿದ ಮೂಳೆಗೆಂದು ವಿಇಜಿಎಫ್ ಇನ್ನೂ ಆಸ್ಪತ್ರೆಯ ಔಷಧಿಯಾಗಿಲ್ಲ. ಪಿಡಿಜಿಎಫ್ ಮಾತ್ರ 2015ರಲ್ಲಿ ಅಮೆರಿಕದಲ್ಲಿ ಪಾದ ಮತ್ತು ಕಾಲಿನ ಹರಡಿನ ಕೀಲುಗಳನ್ನು ಕೂಡಿಸುವ ಶಸ್ತ್ರಕ್ರಿಯೆಗೆ ಒಪ್ಪಿಗೆ ಪಡೆದಿದೆ.

ಬಾಟಲಿಯ ಪ್ರೋಟೀನು ದುಬಾರಿ. ನಮ್ಮ ರಾಜ್ಯದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮಲಗಿರುವ ಗಾರೆ ಕೆಲಸದವನಿಗೋ ಲಾರಿ ಕ್ಲೀನರನಿಗೋ ಅದು ಎಟುಕುವ ಮಾತಲ್ಲ. ಅದಕ್ಕೇ ಫ್ರಾನ್ಸಿನ ಅಲೆನ್ ಮಸ್ಕ್‌ಲೆ 1980ರ ದಶಕದಲ್ಲಿ ರೂಪಿಸಿದ ವಿಧಾನದ ಮೇಲೆ ನನಗೆ ಎಲ್ಲಕ್ಕಿಂತ ಹೆಚ್ಚು ಅಭಿಮಾನ. ಮೂಳೆ ಕೆಲವು ಸೆಂಟಿಮೀಟರ್ ಕಳೆದುಹೋದ ಜಾಗದಲ್ಲಿ ಮೊದಲ ಆಪರೇಷನ್‌ನಲ್ಲಿ ಮೂಳೆ ಸಿಮೆಂಟಿನ ಉಂಡೆ ಇಡುತ್ತಾರೆ, ಸೋಂಕಿದ್ದರೆ ಅದರಲ್ಲಿ ಆಂಟಿಬಯಾಟಿಕ್ ಬೆರೆಸಿರುತ್ತಾರೆ. ಪರಕೀಯ ವಸ್ತುವಿನ ಸುತ್ತ ದೇಹ ಒಂದು ಪೊರೆ ಕಟ್ಟುತ್ತದೆ. ಆರೆಂಟು ವಾರಗಳ ನಂತರ ಎರಡನೆಯ ಆಪರೇಷನ್. ಪೊರೆಯನ್ನು ಹರಿಯದಂತೆ, ಅಂಚು ಕಿತ್ತುಬರದಂತೆ ಉದ್ದಕ್ಕೆ ಸೀಳಿ, ಸಿಮೆಂಟನ್ನು ಒಡೆದು ತುಂಡುತುಂಡಾಗಿ ತೆಗೆಯುತ್ತಾರೆ. ಪೊರೆಯ ಒಳಗೆ ಸೊಂಟದಿಂದ ತಂದ ಮೂಳೆಯ ಚೂರುಗಳನ್ನು ಅದುಮದೆ ತುಂಬಿ, ಮತ್ತೆ ಪೊರೆಯನ್ನು ಮುಚ್ಚಿ ಹೊಲಿಯುತ್ತಾರೆ. ಅದುಮಿದರೆ ಚೂರುಗಳ ನಡುವೆ ನಾಳಗಳಿಗೆ ದಾರಿ ಇರುವುದಿಲ್ಲ. ಸಿಮೆಂಟು ಜಾಗ ಕಾಯುತ್ತದೆ, ಅಷ್ಟೇ ಎಂದು ಮೊದಲು ಅಂದುಕೊಂಡಿದ್ದರು. ಆಮೇಲೆ ಪೊರೆಯನ್ನು ಪರೀಕ್ಷಿಸಿದಾಗ ಅದರ ತುಂಬ ರಕ್ತನಾಳಗಳು, ಅದು ಸ್ರವಿಸುವುದರಲ್ಲಿ ವಿಇಜಿಎಫ್ ಇದೆ, ಬಿಎಂಪಿ-2 ಇದೆ. ಕಂಪನಿಗಳು ಕೋಟಿಗಟ್ಟಲೆ ಸುರಿದು ತಯಾರಿಸಿದ ಪ್ರೋಟೀನುಗಳನ್ನು ರೋಗಿಯ ದೇಹ ತನ್ನದೇ ಹದದಲ್ಲಿ, ತನ್ನದೇ ಜಾಗದಲ್ಲಿ ಮಾಡಿಟ್ಟಿದೆ. ಪೊರೆ ಹಳೆಯದಾದಷ್ಟೂ ನಾಳಗಳು ವಿರಳವಾಗುತ್ತವೆ, ಆದ್ದರಿಂದ ಎರಡನೆಯ ಆಪರೇಷನ್‌ಗೆ ರೋಗಿ ಸಮಯಕ್ಕೆ ಬರುವುದು ಮುಖ್ಯ. ಊರಿಗೆ ಹೋಗಿ ಸುಗ್ಗಿ ಮುಗಿಸಿ ಬರುತ್ತೇನೆ ಎನ್ನುವವರನ್ನು ಒಪ್ಪಿಸುವುದೂ ವೈದ್ಯರ ಪಾಲಿಗೆ ಬರುತ್ತದೆ.

ಸೈಬೀರಿಯದ ಕುರ್ಗಾನ್ ಊರಿನ ಗಾವ್ರಿಲ್ ಇಲಿಜರೋವ್ ರೂಪಿಸಿದ, ಹೊರಗಿನಿಂದ ಉಂಗುರ ಕಟ್ಟಿ ಮೂಳೆಯನ್ನು ಎಳೆಯುವ ವಿಧಾನದಲ್ಲೂ ಇದೇ ನಾಳದ ಜಾಣ್ಮೆ ಇದೆ. ಮೂಳೆಯ ಗೋಡೆಯನ್ನಷ್ಟೇ ಮೆಲ್ಲಗೆ ಕತ್ತರಿಸಿ, ಪೊರೆಯನ್ನೂ ಮಜ್ಜೆಯನ್ನೂ ಆದಷ್ಟು ಉಳಿಸಿ, ಐದಾರು ದಿನ ಬಿಟ್ಟು, ದಿನಕ್ಕೆ 1 ಮಿಲಿಮೀಟರ್, ಅದೂ ಕಾಲು ಕಾಲು ಮಿಲಿಮೀಟರಿನಂತೆ ನಾಲ್ಕು ಸಲ ತಿರುಪು ತಿರುಗಿಸಿ ಎಳೆಯುತ್ತಾರೆ. ಬೇಗ ಎಳೆದರೆ ಹೊಸ ಲೋಮನಾಳಗಳು ಹರಿಯುತ್ತವೆ. ನಿಧಾನವಾದರೆ ಎಳೆಯುವ ಮೊದಲೇ ಮೂಳೆ ಕೂಡಿಬಿಡುತ್ತದೆ.

ಕುಸುಂಬೆಯವರ ಸಂಶೋಧನೆಗೆ ಮರಳುತ್ತೇನೆ. ವಯಸ್ಸಾದ ಇಲಿಗಳಲ್ಲಿ ಹೆಚ್ ಬಗೆಯ ನಾಳಗಳು ಕಡಿಮೆಯಾಗುವುದನ್ನು ನೋಡಿದ ಅದೇ ತಂಡ ಅವಕ್ಕೆ ಡೆಫೆರಾಕ್ಸಮೀನ್ ಎಂಬ ಔಷಧಿ ಕೊಟ್ಟಿತು. ತಲಸ್ಸೇಮಿಯಾ ಇರುವ ಮಕ್ಕಳ ತಂದೆತಾಯಿಗೆ ಈ ಹೆಸರು ಪರಿಚಿತ. ಪದೇಪದೇ ರಕ್ತ ಹಾಕಿಸಿಕೊಂಡು ಮೈಯಲ್ಲಿ ತುಂಬಿದ ಕಬ್ಬಿಣವನ್ನು ತೆಗೆಯಲು ಸಣ್ಣ ಪಂಪಿನಿಂದ ರಾತ್ರಿಯಿಡೀ ಕೊಡುತ್ತಿದ್ದ ಹಳೆಯ ಔಷಧಿ ಅದು. ಹಿಫ್ ಪ್ರೋಟೀನನ್ನು ಒಡೆಯಲೆಂದು ಗುರುತು ಹಾಕುವ ಕಿಣ್ವಕ್ಕೆ ಕಬ್ಬಿಣ ಬೇಕು. ಕಬ್ಬಿಣವನ್ನು ಹಿಡಿದಿಟ್ಟರೆ ಹಿಫ್ ಉಳಿಯುತ್ತದೆ, ಹಿಫ್ ಉಳಿದರೆ ಕೋಶ ತಾನೇ ವಿಇಜಿಎಫ್ ತಯಾರಿಸುತ್ತದೆ. ಮುದಿ ಇಲಿಗಳಲ್ಲಿ ಹೆಚ್ ಬಗೆಯ ನಾಳಗಳು ಮತ್ತೆ ಹೆಚ್ಚಿದವು, ಮೂಳೆಯೂ ಹೆಚ್ಚಿತು. ಅದಕ್ಕೂ ಮೊದಲು, 2008ರಲ್ಲಿ, ಇಲಿಜರೋವ್ ಮಾದರಿಯಲ್ಲಿ ಮೂಳೆ ಎಳೆದ ಇಲಿಗಳಿಗೆ ಇದೇ ಔಷಧಿಯನ್ನು ಸಂದಿನ ಜಾಗಕ್ಕೆ ಚುಚ್ಚಿದಾಗಲೂ ನಾಳ ಮತ್ತು ಮೂಳೆ ಎರಡೂ ಹೆಚ್ಚಾಗಿದ್ದವು. ಜೀನು ತಂತ್ರದಿಂದ ತಯಾರಿಸಿದ ಪ್ರೋಟೀನಿನ ಮುಂದೆ ಇದು ಅಗ್ಗದ ಸಣ್ಣ ಅಣು. ಮೈಗೆಲ್ಲ ಹರಡದೆ ಮುರಿದ ಜಾಗದಲ್ಲಿ ಮಾತ್ರ, ನಾಳ ಹುಟ್ಟಬೇಕಾದ ಮೊದಲ ದಿನಗಳಲ್ಲಿ ಮಾತ್ರ ಅದು ಸಿಗುವಂತೆ ಮಾಡುವುದು ಹೇಗೆಂದು ಪ್ರಯೋಗಾಲಯಗಳು ಈಗ ಹುಡುಕುತ್ತಿವೆ: ಜೆಲ್‌ನಲ್ಲಿ ಬೆರೆಸಿ, ಕರಗುವ ಗೋಲಿಗಳಲ್ಲಿ ಮುಚ್ಚಿ, ಮೂಳೆ ತುಂಬುವ ಪುಡಿಗೆ ಅಂಟಿಸಿ.